ಅಪ್ಪನ ಫಿಯೆಟ್ಟು

ಅಪ್ಪ ಹೋದ ಮೇಲೆ ಅವರ 1978ರ ಕಾರು ಆರು ವರ್ಷ ಕೊಟ್ಟಿಗೆಯಲ್ಲೇ ನಿಂತಿತ್ತು. ಆರ್.ಸಿ. ಪುಸ್ತಕದಲ್ಲಿ ಅದು ಪ್ರೀಮಿಯರ್ ಪದ್ಮಿನಿ; ನಮ್ಮೆಲ್ಲರ ಬಾಯಲ್ಲಿ ಫಿಯೆಟ್ಟು. "ಗುಜರಿಗೆ ಹಾಕಿ ಟೀಚರ್" ಎಂದವರೇ ಹೆಚ್ಚು. ನಾನು ಜಿ.ಪಿ.ಎಫ್.ನಲ್ಲಿ ಸಾಲ ತೆಗೆದು, ಹಳೆಯ ಕಾರುಗಳನ್ನೇ ನೋಡುವ ಬೆಂಗಳೂರಿನ ಒಂದು ಗ್ಯಾರೇಜಿಗೆ ಲಾರಿಯಲ್ಲಿ ಸಾಗಿಸಿದೆ.

ಮೇಸ್ತ್ರಿ ಬಾಗಿಲಡಿಗೆ ಸ್ಕ್ರೂಡ್ರೈವರ್ ಒತ್ತಿದರು. ತಗಡು ಹಪ್ಪಳದಂತೆ ಮುರಿಯಿತು. ತುಕ್ಕು ತಿಂದಷ್ಟನ್ನೂ ಕತ್ತರಿಸಿ ಹೊಸ ತಗಡು ಬೆಸೆಯಬೇಕು, 1089 ಸಿ.ಸಿ. ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು ಎಂದರು. ಈ ಕಾರು ತಯಾರಾಗುವುದು ನಿಂತು ಎರಡು ದಶಕ ಕಳೆದಿದೆ. ಬಿಡಿಭಾಗ ಹುಡುಕಲೇ ತಿಂಗಳುಗಳು ಬೇಕು. ಕೊನೆಗೆ ಎರಡು ಸಲಹೆ ಕೊಟ್ಟರು: "ಮುಂದಿನ ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕೋಣ ಮೇಡಂ. ಸ್ಟೀರಿಂಗ್ ಪಕ್ಕದ ಗೇರನ್ನೂ ಕೆಳಕ್ಕೆ ತರೋಣ, ಈಗಿನ ಕಾರಿನ ಹಾಗೆ."

ಬ್ರೇಕಿಗೆ ತಕ್ಷಣ ಒಪ್ಪಿದೆ. 1987ರಲ್ಲಿ ಆಗುಂಬೆ ಘಾಟಿ ಇಳಿಯುವಾಗ ಡ್ರಮ್ ಕಾದು ಬ್ರೇಕ್ ಹಿಡಿಯಲಿಲ್ಲ. ಅಪ್ಪ ಕಾರನ್ನು ದರೆಗೆ ತಾಗಿಸಿ ನಿಲ್ಲಿಸಿದರು. ಅಮ್ಮನ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಆಮೇಲೆ ಆಕೆ ಮುಂದಿನ ಸೀಟಿನಲ್ಲಿ ಕೂರಲೇ ಇಲ್ಲ. ಅಪ್ಪ ಆ ಮಾತನ್ನು ಎತ್ತಲೂ ಇಲ್ಲ.

ಗೇರಿಗೆ ಮಾತ್ರ ಬೇಡವೆಂದೆ. ನನ್ನ ಕೈಮೇಲೆ ಕೈಯಿಟ್ಟು, "ಮೆಲ್ಲಗೆ ಮಗಳೇ" ಎಂದು ಅಪ್ಪ ಡ್ರೈವಿಂಗ್ ಕಲಿಸಿದ್ದು ಆ ಗೇರಿನಲ್ಲೇ.

ಹನ್ನೊಂದು ತಿಂಗಳಾದ ಮೇಲೆ ಕಾರು ಮನೆಗೆ ಬಂತು. ಅಮ್ಮ ಒಂದು ಸುತ್ತು ಹಾಕಿ ನೋಡಿದಳು.

"ಬ್ರೇಕು?" ಎಂದಳು.

"ಹೊಸದು" ಎಂದೆ.

ಸೆರಗು ಸರಿಮಾಡಿಕೊಂಡು ಮುಂದಿನ ಬಾಗಿಲು ತೆರೆದಳು.