ಲಾಘವವೂ ಗೌರವವೂ

ಶಹಾಬಾದದಲ್ಲಿ ಕಲ್ಲಿಗೆ ಬಡತನವಿಲ್ಲ. ನೆಲಕ್ಕೆ ಹಾಸುವುದು ಕಲ್ಲು, ಗೋಡೆಗೆ ಏರಿಸುವುದು ಕಲ್ಲು, ಹಿತ್ತಲಿನ ಆವರಣಕ್ಕೆ ಸಾಲಾಗಿ ನಿಲ್ಲಿಸುವುದೂ ಕಲ್ಲೇ. ಪದರುಪದರಾಗಿ ಎದ್ದು ಬರುವ ಈ ಸುಣ್ಣಕಲ್ಲು ಫರಸಿಯೆಂಬ ಹೆಸರಿನಿಂದ ರೈಲನ್ನೇರಿ, ತನ್ನೊಡನೆ ಊರಿನ ಹೆಸರನ್ನೂ ದೂರದೂರದ ಮನೆಗಳಿಗೆ ಕೊಂಡೊಯ್ದಿದೆ. ಇಂಥ ಊರಿನ ಮಾಸ್ತರರೊಬ್ಬರಿಗೆ ಕಲ್ಲಿನ ಛಾಯಾಚಿತ್ರ ತೆಗೆಯುವ ಗೀಳು ಹತ್ತಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅವರು ಅರಸಿ ಹೋಗುವುದು ಖಣಿಯ ಕಲ್ಲನ್ನಲ್ಲ, ಅಕ್ಷರವುಳ್ಳ ಕಲ್ಲನ್ನು.

ಆ ಸೀಮೆಯಲ್ಲಿ ಅದಕ್ಕೂ ಕೊರತೆಯಿಲ್ಲ. ಭೀಮಾತೀರದ ಸನ್ನತಿಯಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಮಾಳಿಗೆ ಕುಸಿದ ಬಳಿಕ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂಬುದು ಬೆಳಕಿಗೆ ಬಂದಿತು. ಅದರ ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಆ ಸಾಮ್ರಾಟನ ರೂಪವನ್ನೂ ಹೆಸರನ್ನೂ ಒಟ್ಟಿಗೆ ಕೆತ್ತಿದ ಫಲಕ ದೊರೆಯಿತು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ, 1058ರ ಶಾಸನವು ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದವನ್ನೋದುವ ಇನ್ನೂರು ವಟುಗಳಿದ್ದರೆಂದೂ ಪುಸ್ತಕಗಳನ್ನು ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದೂ ಹೇಳುತ್ತದೆ. ಇವೆಲ್ಲ ವಿದ್ವಾಂಸರ ಕಣ್ಣಿಗೆ ಬಿದ್ದು ಅಚ್ಚಾದ ಕಲ್ಲುಗಳು. ಮಾಸ್ತರರ ಮನಸ್ಸು ಇದ್ದುದು ಹೆಸರಿಲ್ಲದವುಗಳ ಮೇಲೆ: ಅಗಸೆಯ ಬದಿಯ ವೀರಗಲ್ಲು, ಹೊಲದ ಬದುವಿನ ದಾನದ ಕಲ್ಲು, ಹನುಮಂತನ ಗುಡಿಯ ಮೆಟ್ಟಿಲಾಗಿ ಸವೆಯುತ್ತಿರುವ ತುಂಡು.

ಅವರ ಕೈಯಲ್ಲಿದ್ದುದು ಸೋನಿ ಸಂಸ್ಥೆಯವರು 2014ರಲ್ಲಿ ಹೊರತಂದ ಆಲ್ಫಾ 6000 ಎಂಬ ಚಿಕ್ಕ ಕ್ಯಾಮೆರಾ. ಹಿಂದಿನ ದೊಡ್ಡ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿಯಿದ್ದು, ಬಿಂಬವನ್ನು ನೋಡುವ ಕಿಂಡಿಗೆ ಏರಿಸುತ್ತಿತ್ತು. ಗುಂಡಿಯನ್ನೊತ್ತಿದೊಡನೆ ಮೇಲಕ್ಕೆ ಸರಿದು ಬೆಳಕಿಗೆ ದಾರಿ ಬಿಡುತ್ತಿತ್ತು. ಇದರಲ್ಲಿ ಆ ಕನ್ನಡಿಯೇ ಇಲ್ಲ. ಸೆನ್ಸರ್ ಎಂಬ ಫಲಕದ ಮೇಲೆ ಬಿದ್ದ ಬೆಳಕೇ ಪರದೆಯಲ್ಲಿ ಚಿತ್ರವಾಗಿ ಕಾಣುತ್ತದೆ. ಆದಕಾರಣ ಗಾತ್ರ ಕಿರಿದು. ಬ್ಯಾಟರಿ ಸಹಿತ 344 ಗ್ರಾಮು. ಬಸ್ಸಿನಲ್ಲಿ ನಿಂತು, ಆ ಮೇಲೆ ಎರಡು ಹರದಾರಿ ನಡೆದು ಹೋಗುವವನಿಗೆ ಇದು ಸಣ್ಣ ಉಪಕಾರವಲ್ಲ.

ಹೀಗಿರಲು, ಕಲಬುರ್ಗಿಯಲ್ಲಿ ಮದುವೆಗಳ ಚಿತ್ರ ತೆಗೆಯುವ ಹಳೆಯ ಶಿಷ್ಯನೊಬ್ಬ ಒಮ್ಮೆ ಮನೆಗೆ ಬಂದನು. ಅವನ ಹೆಗಲಿನಲ್ಲಿ ಅದೇ ಸಂಸ್ಥೆಯ 2018ರ ಆಲ್ಫಾ 7, ಮೂರನೆಯ ಆವೃತ್ತಿ. “ಸರ್, ಇನ್ನಾ ಇದನ್ನೇ ಹಿಡ್ಕೊಂಡು ತಿರಗತೀರೇನ್ರಿ?” ಎಂದು ವಿನಯದಿಂದಲೇ ಕೇಳಿದನು. ಅಂದಿನಿಂದ ಮಾಸ್ತರರಿಗೆ ನಿದ್ರೆ ಹತ್ತಲಿಲ್ಲ. ಅದಕ್ಕೆ ಒಂದು ಕಾರಣವೂ ಇತ್ತು. ಕಾಗಿಣಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ಹತ್ತು ಸಾಲಿನ ಶಾಸನವೊಂದನ್ನು ಅವರು ವೈಶಾಖದ ನಡುಹಗಲಿನಲ್ಲಿ ತೆಗೆದುಕೊಂಡು ಬಂದಿದ್ದರು. ಮನೆಯಲ್ಲಿ ಹಿಗ್ಗಿಸಿ ನೋಡಿದರೆ ಕಲ್ಲಿನ ಒಂದೊಂದು ಕಣವೂ ಕಾಣುತ್ತಿತ್ತು, ಅಕ್ಷರ ಮಾತ್ರ ಇಲ್ಲ. ದೋಷವು ಕ್ಯಾಮೆರಾದ್ದೆಂದು ಅವರು ನಿಶ್ಚಯಿಸಿದರು. ಹೊಸದು ಬರಲಿ, ಮತ್ತೊಮ್ಮೆ ಹೋದರಾಯಿತು ಎಂದುಕೊಂಡರು.

ಮುಂದೆ ಮಳೆಗಾಲವೆಲ್ಲ ಲೆಕ್ಕದಲ್ಲಿಯೇ ಕಳೆಯಿತು. ಚಿಕ್ಕದರ ಸೆನ್ಸರ್ 23.5ಕ್ಕೆ 15.6 ಮಿಲಿಮೀಟರು, ದೊಡ್ಡದರದು 35.6ಕ್ಕೆ 23.8. ವಿಸ್ತೀರ್ಣದಲ್ಲಿ ಎರಡೂಕಾಲು ಪಟ್ಟಿಗೆ ಮಿಗಿಲು. ಆದರೆ ಚಿತ್ರದ ಚುಕ್ಕೆಗಳು ಎರಡರಲ್ಲಿಯೂ ಸುಮಾರು 24 ಮೆಗಾಪಿಕ್ಸೆಲ್! ದೊಡ್ಡದರ ಲಾಭವಿರುವುದು ಮಬ್ಬಿನಲ್ಲಿ. ಕೈ ಅದುರಿದರೂ ತಡೆದುಕೊಳ್ಳುವ ಏರ್ಪಾಟು ಅದರ ಒಡಲಿನಲ್ಲಿಯೇ ಇದೆ, ಚಿಕ್ಕದರಲ್ಲಿ ಇಲ್ಲ. ಇನ್ನು ಹಳೆಯ ಲೆನ್ಸುಗಳು ಹೊಸದಕ್ಕೆ ಕೂಡುವುವು ನಿಜ. ಆದರೆ ಅವುಗಳ ಬಿಂಬ ಸೆನ್ಸರಿನ ನಡುಭಾಗವನ್ನಷ್ಟೇ ತುಂಬುವುದರಿಂದ 24ರಲ್ಲಿ ಉಳಿಯುವುದು ಸುಮಾರು 10. ಆದುದರಿಂದ ಲೆನ್ಸೂ ಹೊಸದಾಗಬೇಕು, ವೆಚ್ಚ ಲಕ್ಷವನ್ನು ಮೀರಬೇಕು. ತೂಕವೋ, ಲೆನ್ಸನ್ನು ಬಿಟ್ಟೇ 650 ಗ್ರಾಮು. ಅರ್ಧಮಾತ್ರೆಯ ಲಾಘವ ದೊರೆತರೂ ಮಗ ಹುಟ್ಟಿದಂತೆ ಹಿಗ್ಗುವವರು ನಮ್ಮ ವೈಯಾಕರಣರು; ತಾರ್ಕಿಕರಂತೂ ಗೌರವವನ್ನು ದೋಷವೆಂದೇ ಎಣಿಸುತ್ತಾರೆ. ಕ್ಯಾಮೆರಾದ ಅಂಗಡಿಯಲ್ಲಿ ಮಾತ್ರ ಗೌರವಕ್ಕೇ ಗೌರವ.

ಮಾಸ್ತರರ ಮನೆಯವರು ಒಂದು ಸಂಜೆ ಈ ಲೆಕ್ಕವನ್ನೆಲ್ಲ ಕೇಳಿ, “ಈಗಿನದು ಒಂದು ಸೆಕೆಂಡಿಗೆ ಹನ್ನೊಂದು ಫೋಟೋ ತೆಗೀತದ ಅಂತ ನೀವೇ ಹೇಳಿದ್ರಿ. ಕಲ್ಲೇನು ಓಡಿ ಹೋಗತದೇನ್ರಿ?” ಎಂದರು. ಅದಕ್ಕೆ ಉತ್ತರ ಹೊಳೆಯದೆ ಮಾಸ್ತರರು ನಕ್ಕು ಸುಮ್ಮನಾದರು.

ಕಲ್ಲು ಓಡಿ ಹೋಗಲಿಲ್ಲ, ಆದರೆ ಇದ್ದಂತೆ ಉಳಿಯಲೂ ಇಲ್ಲ. ದೀಪಾವಳಿಯ ರಜೆಯಲ್ಲಿ, ಇನ್ನೂ ನಿರ್ಧಾರವಾಗದೆ, ಹಳೆಯ ಕ್ಯಾಮೆರಾವನ್ನೇ ಹಿಡಿದು ಅವರು ಆ ಹಳ್ಳಿಗೆ ಹೋದಾಗ ಗುಡಿಯ ಜೀರ್ಣೋದ್ಧಾರ ನಡೆದಿತ್ತು. ಭಕ್ತಿಯಿಂದ ಮಾಡಿದ ಕೆಲಸ, ಯಾರನ್ನು ನಿಂದಿಸುವುದು? ಅಂಗಳವನ್ನು ಮೊಣಕಾಲೆತ್ತರ ಏರಿಸಿ ಸಿಮೆಂಟು ಹಾಕಿ ಫರಸಿ ಹಾಸುತ್ತಿದ್ದರು. ಶಾಸನದ ಕೆಳಗಿನ ಆರು ಸಾಲುಗಳು ಆ ಸಿಮೆಂಟಿನೊಳಗೆ ಸೇರಿದ್ದುವು. ಮೇಲಿನ ನಾಲ್ಕು ಸಾಲುಗಳಿಗೆ ಹಸಿರು ಎಣ್ಣೆಬಣ್ಣ ಬಳಿದಿದ್ದರು. ದಾನದ ವಿವರ, ದಾನಿಯ ಹೆಸರು ಸಾಮಾನ್ಯವಾಗಿ ಇರುವುದು ಕೆಳಗಿನ ಭಾಗದಲ್ಲಿಯೇ ಎಂಬುದನ್ನು ಬಲ್ಲವರಿಗೆ ಮಾಸ್ತರರ ಸ್ಥಿತಿಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಅವರು ಆ ಹೊಸ ನೆಲದ ಮೇಲೆಯೇ ಕುಳಿತುಬಿಟ್ಟರು.

ಫರಸಿ ಹಾಸುತ್ತಿದ್ದ ಮುದುಕನೊಬ್ಬ ಉಳಿಯನ್ನು ಕೆಳಗಿಟ್ಟು ಹತ್ತಿರ ಬಂದು, “ಮಾಸ್ತರ್ರೇ, ಬಿಸಲ ನೆತ್ತಿ ಮ್ಯಾಲ ಇದ್ದಾಗ ಉಳಿ ಗುರ್ತ ನಮಗೂ ಕಾಣಲ್ರಿ. ಹೊತ್ತ ಮುಳುಗೋತನ ಕೂಡ್ರಿ. ಬೆಳಕ ಬಗಲಾಗಿಂದ ಬಂದ್ರ ಕಲ್ಲು ತಾನೇ ಹೇಳತದ” ಎಂದನು. ಅವನು ಆಯುಷ್ಯವನ್ನೆಲ್ಲ ಖಣಿಯಲ್ಲಿ ಕಳೆದವನು. ಕಲ್ಲಿನ ಏರುತಗ್ಗನ್ನು ಓರೆ ಬೆಳಕಿನಲ್ಲಿ ನೋಡಿ ತಿಳಿಯುವುದು ಅವನಿಗೆ ನಿತ್ಯದ ಕಸುಬು.

ಮಾಸ್ತರರು ಕುಳಿತರು. ಕತ್ತಲಾದ ಮೇಲೆ ಕ್ಯಾಮೆರಾವನ್ನು ಒಟ್ಟಿದ ಇಟ್ಟಿಗೆಗಳ ಮೇಲೆ ಅಲುಗದಂತೆ ಇರಿಸಿದರು. ಮುದುಕನು ಬ್ಯಾಟರಿಯನ್ನು ಕಲ್ಲಿನ ಎಡಮಗ್ಗುಲಿಗೆ, ಹೆಚ್ಚುಕಡಿಮೆ ಅದರ ಮೈಗೆ ತಾಗುವಂತೆ ಹಿಡಿದನು. ಗೀಟುಗಳ ಒಂದೊಂದು ಅಂಚೂ ನೆರಳನ್ನು ಚೆಲ್ಲಿತು. ಹಸಿರು ಬಣ್ಣದ ಕೆಳಗಿನಿಂದ ‘ಸ್ವಸ್ತಿ’ ಎಂಬುದು ಎದ್ದು ಬಂದಿತು. ನಾಲ್ಕು ಸಾಲುಗಳೂ ಬಂದುವು. ಕೈಯಲ್ಲಿ ಹಿಡಿದರೆ ಸೆಕೆಂಡಿನ ಮೂವತ್ತನೆಯ ಒಂದು ಭಾಗಕ್ಕೆ ನಿಲ್ಲಬೇಕಾದ ಬೆಳಕು ಇಟ್ಟಿಗೆಯ ಮೇಲೆ ಎರಡು ಸೆಕೆಂಡು ಹರಿಯಿತು, ಅರುವತ್ತು ಪಟ್ಟು. ಲಕ್ಷ ರೂಪಾಯಿಯ ಸೆನ್ಸರ್ ಕೊಡುತ್ತಿದ್ದುದು ಎರಡೂಕಾಲು ಪಟ್ಟು.

ಕ್ರಿಯೆಯ ಸಿದ್ಧಿಗೆ ಎಲ್ಲಕ್ಕಿಂತ ಹೆಚ್ಚಾಗಿ ಸಾಧಕವಾದುದನ್ನು ಪಾಣಿನಿಯು ಕರಣವೆಂದು ಕರೆದನು. ಪಾಠಶಾಲೆಯಲ್ಲಿ ಕೊಡಲಿಯ ಉದಾಹರಣೆಯಿಂದ ಇದನ್ನು ಕಲಿತವರು ಕರಣವೆಂದರೆ ಕೈಯಲ್ಲಿ ಹಿಡಿದ ವಸ್ತುವೆಂದು ತಿಳಿದುಬಿಡುತ್ತಾರೆ. ಸವೆದ ಅಕ್ಷರವನ್ನು ಕಾಣಿಸುವಲ್ಲಿ ಆ ಪದವಿ ಓರೆ ಬೆಳಕಿಗೆ ಸಲ್ಲತಕ್ಕದ್ದು. ಹಾಗೆಂದು ದೊಡ್ಡ ಕ್ಯಾಮೆರಾ ಬರಿಯ ಆಡಂಬರವೆನ್ನುವುದು ಅನ್ಯಾಯ. ಮದುಮಗಳು ಕಲ್ಲಿನಂತೆ ಎರಡು ಸೆಕೆಂಡು ನಿಲ್ಲಲಾರಳು; ಶಿಷ್ಯನಿಗೆ ಅದು ಅನ್ನದ ಸಾಧನ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಗಳಲ್ಲಿ ಮೂರು ಕಾಲಿನ ಸ್ಟ್ಯಾಂಡನ್ನು ಹೂಡಲು ಅನುಮತಿ ಬೇಕಾಗುವುದರಿಂದ, ಅಲ್ಲಿಯ ಮಬ್ಬಿನಲ್ಲಿ ಬರಿಗೈಯಿಂದ ಚಿತ್ರ ತೆಗೆಯುವವನಿಗೂ ಅದು ನಿಜವಾದ ನೆರವು. ಮಾಸ್ತರರ ಕಲ್ಲುಗಳಿಗೆ ಮಾತ್ರ ಕಾವಲುಗಾರರೂ ಇಲ್ಲ, ಅನುಮತಿಯೂ ಬೇಕಿಲ್ಲ.

ಅವರು ಒಂದು ಗಟ್ಟಿಯಾದ ಸ್ಟ್ಯಾಂಡನ್ನೂ ಎರಡು ಬ್ಯಾಟರಿಗಳನ್ನೂ ಕೊಂಡರು. ಮಿಕ್ಕ ಹಣ ಬ್ಯಾಂಕಿನಲ್ಲಿದೆ; ದೊಡ್ಡ ಕ್ಯಾಮೆರಾದ ಆಸೆಯೂ ಎಲ್ಲಿಯೂ ಹೋಗಿಲ್ಲ. ನಡುಹಗಲಿನ ಆ ಹಳೆಯ ಚಿತ್ರವನ್ನು ಈಗಲೂ ಕೆಲವು ರಾತ್ರಿ ತೆರೆದು, ಕೆಳಗಿನ ಆರು ಸಾಲುಗಳನ್ನು ಹಿಗ್ಗಿಸಿ ನೋಡುತ್ತಾರೆ. ಐದನೆಯದರಲ್ಲಿ ಒಂದು ‘ಗ’ಕಾರವಿದ್ದಂತೆ ತೋರುತ್ತದೆ, ಬೆಳಗಾದರೆ ಅದೂ ಸಂಶಯವೇ.

ಅವರ ಪಟ್ಟಿಯಲ್ಲಿ ಇನ್ನೂ ಹದಿನೇಳು ಹಳ್ಳಿಗಳಿವೆ. ಅವುಗಳಲ್ಲಿ ಎರಡರ ಗುಡಿಗಳಿಗೆ ಮರಳೂ ಸಿಮೆಂಟೂ ಬಂದು ಬಿದ್ದಿವೆಯೆಂದು ಸುದ್ದಿ. ಬರುವ ಭಾನುವಾರ ಅಲ್ಲಿಗೆ ಪಯಣ. ಬ್ಯಾಟರಿ ಹಿಡಿಯಲು ಏಳನೆಯ ಇಯತ್ತೆಯ ಮಗಳು ಒಪ್ಪಿದ್ದಾಳೆ.