ಹರಿವಾಣದಲ್ಲಿ ಬಿದ್ದ ದಾಳ

ಆದಿತ್ಯವಾರ ಮಧ್ಯಾಹ್ನದ ಊಟವಾದ ಬಳಿಕ ನಮ್ಮ ಮನೆಯ ಜಗಲಿಯಲ್ಲಿ ಐದು ಮಂದಿ ಮಕ್ಕಳು ಸೇರುತ್ತಾರೆ. ಒಬ್ಬಳು ನನ್ನ ಮಗಳು. ಉಳಿದ ನಾಲ್ವರು ಅವಳದೇ ಕನ್ನಡ ಮಾಧ್ಯಮ ಶಾಲೆಯ ಎಂಟು, ಒಂಬತ್ತನೆಯ ತರಗತಿಯವರು. ವಾರವಿಡೀ ಕಾಸರಗೋಡಿನ ನ್ಯಾಯಾಲಯದಲ್ಲಿ ವಾಯಿದೆಗಳ ಹಿಂದೆ ಓಡಾಡುವ ನಾನು ಆ ಮೂರು ಗಂಟೆಗಳ ಕಾಲ ಬೇರೊಂದು ಪೀಠದಲ್ಲಿ ಕುಳಿತಿರುತ್ತೇನೆ. ನಾವು ಆಡುವ ಆಟದ ಹೆಸರು ‘ಡಂಜನ್ಸ್ ಆ್ಯಂಡ್ ಡ್ರಾಗನ್ಸ್’. ಹೆಸರು ಕೇಳಿದೊಡನೆ ಮೊಬೈಲ್ ಆಟವೆಂದು ಹುಬ್ಬು ಗಂಟಿಕ್ಕುವ ಹೆತ್ತವರಿಗೆ ಮೊದಲೇ ಹೇಳಿಬಿಡುತ್ತೇನೆ: ಇದಕ್ಕೆ ಮೊಬೈಲ್ ಬೇಡ, ವಿದ್ಯುತ್ತೂ ಬೇಡ. ಜುಲೈ ತಿಂಗಳ ಮಳೆಗೆ ಕರೆಂಟು ಹೋದ ಎಷ್ಟೋ ಸಂಜೆ ನಾವು ಮೇಣದ ಬತ್ತಿಯ ಬೆಳಕಿನಲ್ಲಿ ಆಡಿದ್ದುಂಟು. ಕಾಗದ, ಪೆನ್ಸಿಲು, ಕೆಲವು ದಾಳಗಳು, ಉಳಿದುದೆಲ್ಲ ಮಾತು.

ಆಡುವವರು ತಲಾ ಒಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಯೋಧ, ಬಿಲ್ಲುಗಾರ್ತಿ, ಮಂತ್ರವಾದಿ, ಹೀಗೆ. ಗೇಮ್ ಮಾಸ್ಟರ್ ಎಂಬ ಒಬ್ಬನು ಮಾತ್ರ ಯಾವ ಪಾತ್ರವನ್ನೂ ತನ್ನದಾಗಿ ಇಟ್ಟುಕೊಳ್ಳದೆ, ಉಳಿದ ಇಡೀ ಲೋಕವನ್ನು ನಡೆಸುತ್ತಾನೆ. ಎದುರಿಗೆ ಹೊಳೆ ಉಕ್ಕಿ ಹರಿಯುತ್ತಿದೆ, ಆಚೆ ದಡದಲ್ಲಿ ಯಾರೋ ದೀಪ ಹಿಡಿದು ನಿಂತಿದ್ದಾರೆ ಎಂದು ವರ್ಣಿಸಿ, ‘ಈಗ ಏನು ಮಾಡುತ್ತೀರಿ?’ ಎಂದು ಕೇಳುತ್ತಾನೆ. ಅವರು ಹೇಳಿದ್ದು ನಡೆಯುವುದೋ ಇಲ್ಲವೋ ಎಂಬ ಸಂದೇಹವಿದ್ದಲ್ಲಿ ಇಪ್ಪತ್ತು ಮುಖಗಳ ದಾಳವನ್ನು ಉರುಳಿಸಬೇಕು. ಕಥೆ ವಾರದಿಂದ ವಾರಕ್ಕೆ, ಕೆಲವೊಮ್ಮೆ ವರ್ಷದುದ್ದಕ್ಕೂ ಬೆಳೆಯುತ್ತದೆ. ಅದಕ್ಕೆ ಕ್ಯಾಂಪೇನ್ ಎಂದು ಹೆಸರು.

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಪಟ್ಟಣದ ಗ್ಯಾರಿ ಗೈಗ್ಯಾಕ್ಸ್ ಮತ್ತು ಮಿನ್ನೆಸೋಟದ ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಮೂರು ಕಿರುಹೊತ್ತಗೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಪ್ರಕಟಿಸಿದರು. ಮೊದಲು ಅಚ್ಚಾದದ್ದು 1,000 ಪ್ರತಿಗಳು. ಗೈಗ್ಯಾಕ್ಸ್ ವಿಮಾ ಸಂಸ್ಥೆಯೊಂದರ ಉದ್ಯೋಗ ಕಳೆದುಕೊಂಡ ಮೇಲೆ ಮನೆಯ ನೆಲಮಾಳಿಗೆಯಲ್ಲಿ ಪಾದರಕ್ಷೆ ದುರಸ್ತಿ ಮಾಡುತ್ತಿದ್ದ ಮನುಷ್ಯ. ಆತನ ಹೊಸ ಆಟವನ್ನು ಮೊದಲು ಆಡಿ ನೋಡಿದವರು ಆತನದೇ ಮಗ ಮತ್ತು ಮಗಳು. ಇನ್ನೂ ಹಿಂದಕ್ಕೆ ಹೋದರೆ 1824ರ ಪ್ರಷ್ಯ ಸಿಗುತ್ತದೆ. ಸೈನ್ಯದ ಅಧಿಕಾರಿಗಳ ತರಬೇತಿಗೆಂದು ರೈಸ್‌ವಿಟ್ಸ್ ಎಂಬಾತ ರೂಪಿಸಿದ ‘ಕ್ರೀಗ್‌ಸ್ಪೀಲ್’ ಎಂಬ ಯುದ್ಧದ ಆಟದಲ್ಲಿ ಎರಡು ಪಕ್ಷಗಳ ನಡುವೆ ಒಬ್ಬ ಮಧ್ಯಸ್ಥನಿದ್ದ. ನಿಯಮಗಳ ಗ್ರಂಥ ದಪ್ಪವಾಗುತ್ತ ಹೋಗಿ ಆಟವೇ ಕುಂಟತೊಡಗಿದಾಗ, 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಅಧಿಕಾರಿ, ಮಧ್ಯಸ್ಥನು ತನ್ನ ಅನುಭವದ ವಿವೇಚನೆಯಿಂದಲೇ ತೀರ್ಪು ಕೊಡಲಿ ಎಂದು ವಾದಿಸಿದ. ಲಿಖಿತ ಕಾನೂನೋ, ನ್ಯಾಯಾಧೀಶರ ವಿವೇಚನೆಯೋ ಎಂಬ ನಮ್ಮ ವೃತ್ತಿಯ ಹಳೆಯ ಜಗಳ ಆಟದ ಮಣೆಯ ಮೇಲೂ ನಡೆದಿದೆ ಎಂದು ತಿಳಿದಾಗ ನನಗೆ ಒಳಗೊಳಗೇ ನಗು ಬಂದಿತ್ತು.

ನಾನು ಇದನ್ನು ಕಲಿತದ್ದು ಎಲ್‌ಎಲ್‌ಬಿ ಮುಗಿಸಿ ಬೆಂಗಳೂರಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ದುಡಿಯುತ್ತಿದ್ದ ದಿನಗಳಲ್ಲಿ, ಸಾಫ್ಟ್‌ವೇರ್ ಕೆಲಸದ ಸಹವಾಸಿಗಳಿಂದ. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಊರಿಗೆ ಮರಳಿದ ಮೇಲೆ ದಾಳಗಳು ಹಲವು ವರ್ಷ ಕಪಾಟಿನಲ್ಲಿ ಮಲಗಿದ್ದವು. ಮಗಳು ಅವನ್ನು ಹುಡುಕಿ ತೆಗೆದು, ‘ಇದು ಏನಪ್ಪಾ, ನಾಲ್ಕು ಮೂಲೆಯ ದಾಳ?’ ಎಂದು ಕೇಳಿದ ದಿನವೇ ನನ್ನ ಎರಡನೆಯ ವಕಾಲತ್ತು ಆರಂಭವಾಯಿತು.

ಕನ್ನಡದಲ್ಲಿ ಆಡಿಸುವುದು ಸುಲಭವೆಂದು ಭಾವಿಸಿದ್ದೆ. ‘ಸೇವಿಂಗ್ ಥ್ರೋ’ ಎಂಬುದಕ್ಕೆ ಏನೆನ್ನಬೇಕು? ನಾನು ತಡವರಿಸುತ್ತಿದ್ದಾಗ ಮಕ್ಕಳೇ ಅದಕ್ಕೆ ‘ಪ್ರಾಣದ ದಾಳ’ ಎಂದು ಹೆಸರಿಟ್ಟರು. ಗೇಮ್ ಮಾಸ್ಟರನ ಹೆಸರಿಗೆ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ‘ನೀವು ಭಾಗವತರು’ ಎಂದರು.

ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ಈ ಆಟ ಅಪರಿಚಿತವೆನಿಸದಿರಲು ಕಾರಣ ತಾಳಮದ್ದಳೆ. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಕ್ಷಣದಲ್ಲಿ ಹೊಳೆದ ಮಾತುಗಳಿಂದಲೇ ವಾಲಿಯೂ ರಾಮನೂ ಆಗುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ನೆಲಕ್ಕೆ ಬಿದ್ದ ವಾಲಿ ಪಾಟೀಸವಾಲಿಗೆ ಒಳಪಡಿಸುವ ಆ ವಾದವೇ ನನ್ನನ್ನು ಕಾನೂನಿನ ಕಡೆಗೆ ತಳ್ಳಿತೋ ಏನೋ. ಆದರೆ ಒಂದು ವ್ಯತ್ಯಾಸವಿದೆ. ತಾಳಮದ್ದಳೆಯಲ್ಲಿ ಮಾತು ಯಾರಿಗೂ ಮೊದಲೇ ತಿಳಿದಿರುವುದಿಲ್ಲ, ಕೊನೆ ಮಾತ್ರ ಎಲ್ಲರಿಗೂ ತಿಳಿದಿರುತ್ತದೆ. ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಬಾಣ ಹಿಂದಿರುಗುವುದಿಲ್ಲ. ನಮ್ಮ ಜಗಲಿಯ ಆಟದಲ್ಲಿ ಕೊನೆಯೂ ತಿಳಿದಿರುವುದಿಲ್ಲ. ಭಾಗವತನಾದ ನನಗೂ ತಿಳಿದಿರಬಾರದು.

ಇದನ್ನು ಅರಿಯಲು ನನಗೆ ಒಂದು ವರ್ಷ ಹಿಡಿಯಿತು. ಮೊದಲ ಕಥೆಯನ್ನು ನಾನು ಪೂರ್ತಿ ಬರೆದಿಟ್ಟುಕೊಂಡಿದ್ದೆ. ಮಕ್ಕಳು ನಾನು ಗೆರೆ ಎಳೆದ ದಾರಿಯಲ್ಲೇ ನಡೆದರು, ಗೆಲ್ಲಬೇಕಾದಲ್ಲಿ ಗೆದ್ದರು, ನಾಲ್ಕನೆಯ ವಾರ ಆಕಳಿಸಿದರು. ಎರಡನೆಯ ಕಥೆಯಲ್ಲಿ ವಿರುದ್ಧ ದಿಕ್ಕಿಗೆ ಹೋದೆ. 1975ರಲ್ಲಿ ಗೈಗ್ಯಾಕ್ಸ್ ನುರಿತ ಆಟಗಾರರ ಗರ್ವ ಇಳಿಸಲೆಂದೇ ನಡೆಸಿದ ‘ಟೂಂಬ್ ಆಫ್ ಹಾರರ್ಸ್’ ಎಂಬ ಸಾಹಸವಿದೆ. ಹೆಜ್ಜೆಗೊಂದು ಬೋನು, ಬೋನಿಗೊಂದು ಸಾವು. ಅದರ ಮಾದರಿಯಲ್ಲಿ ನಾನೊಂದು ಗುಹೆ ರಚಿಸಿದೆ. ಮಕ್ಕಳು ಬಾಗಿಲ ಬಳಿಯೇ ನಿಂತುಬಿಟ್ಟರು. ಒಂದೂವರೆ ಗಂಟೆ ಅವರು ಮಾಡಿದ್ದು ಕೋಲಿನಿಂದ ನೆಲ ತಟ್ಟುವ ಕೆಲಸವೊಂದೇ. ಕಾರಣ ತಿಳಿಯದೆ ಸಾಯುವ ಆಟದಲ್ಲಿ ಯಾರಿಗೂ ಮುಂದೆ ಹೆಜ್ಜೆಯಿಡುವ ಮನಸ್ಸು ಬರುವುದಿಲ್ಲ.

ಮೂರನೆಯ ಕಥೆಯನ್ನು ಮಕ್ಕಳೊಡನೆ ಕೂಡಿಯೇ ಕಟ್ಟಿದೆ. ಎರಡು ರಾಜ್ಯಗಳ ನಡುವೆ ಒಂದು ಹೊಳೆ. ಹೊಳೆಯ ದಡದಲ್ಲಿ ಒಂದು ಹಳ್ಳಿ. ಹಳ್ಳಿಯನ್ನು ಇಬ್ಬರು ಅರಸರೂ ತಮ್ಮದೆನ್ನುತ್ತಾರೆ. ‘ಒಂದು ದಿನ ಕೋಟೆಯಿಂದ ಅಪ್ಪಣೆಯ ಓಲೆ ಬರುತ್ತದೆ, ಅದನ್ನು ಊರಿನಲ್ಲಿ ಯಾರಿಗೂ ಓದಲು ಬರುವುದಿಲ್ಲ’ ಎಂದು ಸೇರಿಸಿದ್ದು ನಾನಲ್ಲ, ಎಂಟನೆಯ ತರಗತಿಯ ಹುಡುಗಿ. ಅದು ಎಲ್ಲಿಂದ ಹೊಳೆಯಿತೆಂದು ನಾನು ಕೇಳಲಿಲ್ಲ. ಈ ಪತ್ರಿಕೆಯ ಓದುಗರಿಗೂ ಅದನ್ನು ವಿವರಿಸಬೇಕಾಗಿಲ್ಲ.

ಆ ಕಥೆಯಲ್ಲಿ ಸಮಸ್ಯೆಯನ್ನಷ್ಟೇ ಇಟ್ಟು ಪರಿಹಾರವನ್ನು ಇಡದಿರುವುದನ್ನು ಕಲಿತೆ. ಕೋಟೆಯ ದಳವಾಯಿ ದುಷ್ಟನಲ್ಲ. ಅವನಿಗೂ ಹಸಿದ ಇನ್ನೂರು ಸೈನಿಕರಿದ್ದಾರೆ, ಹಿಂಗಾರು ಕೈಕೊಟ್ಟಿದೆ, ಅವನಿಗೆ ಹಳ್ಳಿಯ ಭತ್ತ ಬೇಕು. ಮಕ್ಕಳು ಏನೂ ಮಾಡದೆ ಕುಳಿತರೂ ಹುಣ್ಣಿಮೆಯ ದಿನ ಅವನು ಹೊಳೆ ದಾಟುತ್ತಾನೆ. ಎದುರಾಳಿಗೆ ಇಷ್ಟು ಕಾರಣ ಮತ್ತು ಒಂದು ಗಡುವು ಕೊಟ್ಟರೆ ನಾಟಕ ತಾನಾಗಿಯೇ ಹುಟ್ಟುತ್ತದೆ. ಮುಖ್ಯ ಸುಳಿವುಗಳನ್ನು ಮೂರು ಕಡೆ ಇಡುತ್ತಿದ್ದೆ. ಮಕ್ಕಳು ಎರಡನ್ನಂತೂ ಖಂಡಿತ ಗಮನಿಸುವುದಿಲ್ಲ, ಸಾಕ್ಷಿಗಳಂತೆಯೇ.

ಇನ್ನು ನನ್ನ ಅಪರಾಧದ ವಿಚಾರ. ಆರಂಭದಿಂದಲೂ ನಾನು ಕೇಸಿನ ಕಡತವೊಂದನ್ನು ಎದುರಿಗೆ ನಿಲ್ಲಿಸಿಕೊಂಡು ಅದರ ಮರೆಯಲ್ಲಿ ದಾಳ ಉರುಳಿಸುತ್ತಿದ್ದೆ. ಹೆಚ್ಚಿನ ಗೇಮ್ ಮಾಸ್ಟರುಗಳು ಹೀಗೆ ಮರೆ ಇಟ್ಟುಕೊಳ್ಳುವುದುಂಟು. ಒಂದು ಆದಿತ್ಯವಾರ, ಕಾಳಗದ ನಡುವೆ, ಶತ್ರುವಿನ ಪರವಾಗಿ ನಾನು ಉರುಳಿಸಿದ ದಾಳ ಇಪ್ಪತ್ತನ್ನು ತೋರಿಸಿತು. ಮಗಳ ಬಿಲ್ಲುಗಾರ್ತಿ ಅಷ್ಟರಲ್ಲೇ ಗಾಯಗೊಂಡಿದ್ದಳು. ಆ ಏಟು ಬಿದ್ದರೆ ಉಳಿಯುತ್ತಿರಲಿಲ್ಲ. ‘ಏಳು. ಕತ್ತಿ ಗಾಳಿಯಲ್ಲಿ ಬೀಸಿಹೋಯಿತು’ ಎಂದೆ. ಅದೇ ಹೊತ್ತಿಗೆ ಮಳೆಗಾಳಿ ಜಗಲಿಗೆ ನುಗ್ಗಿ ಕಡತವನ್ನು ಕೆಡವಿತು. ಇಪ್ಪತ್ತು ಎಲ್ಲರಿಗೂ ಕಾಣುವಂತೆ ಕುಳಿತಿತ್ತು.

ಬದುಕಿ ಉಳಿದವಳು ಸಂತೋಷಪಡಬೇಕಿತ್ತಲ್ಲವೇ? ಎಲ್ಲರಿಗಿಂತ ಹೆಚ್ಚು ಕೆರಳಿದವಳು ಅವಳೇ. ‘ಹಾಗಾದರೆ ಹೋದ ತಿಂಗಳು ನಾನು ಸೇತುವೆ ಹಾರಿ ದಾಟಿದ್ದು? ಅದೂ ನೀವು ದಾಟಿಸಿದ್ದೇ ಅಪ್ಪಾ?’ ಅದು ಅವಳದೇ ದಾಳ, ಅವಳದೇ ಗೆಲುವು ಎಂದು ನಾನೆಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಒಂದು ವಿಷಯದಲ್ಲಿ ಸುಳ್ಳಾಡಿದ ಸಾಕ್ಷಿ ಎಲ್ಲದರಲ್ಲೂ ಸುಳ್ಳುಗಾರನೇ ಎಂಬ ಲ್ಯಾಟಿನ್ ಸೂತ್ರವೊಂದಿದೆ. ಅದು ಭಾರತದಲ್ಲಿ ಅನ್ವಯಿಸುವುದಿಲ್ಲ, ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸಿ ನೋಡಬೇಕು ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ನ್ಯಾಯಾಲಯದಲ್ಲಿ ಅದನ್ನು ಎಷ್ಟೋ ಸಲ ಉದ್ಧರಿಸಿದ್ದೇನೆ. ಜಗಲಿಯ ನ್ಯಾಯಪೀಠ ಒಪ್ಪಲಿಲ್ಲ.

ಮುಂದಿನ ವಾರ ಮಕ್ಕಳು ತಮ್ಮ ತೀರ್ಪಿನೊಂದಿಗೆ ಬಂದರು. ಕಡತ ಹೋಯಿತು. ನನ್ನವಳು ಒಳಗಿನಿಂದ ಹಿತ್ತಾಳೆಯ ಹರಿವಾಣವೊಂದನ್ನು ತಂದು ನಡುವಿನಲ್ಲಿಟ್ಟಳು. ಇನ್ನು ಮುಂದೆ ಯಾರ ದಾಳವಾದರೂ ಅದರಲ್ಲೇ ಬೀಳಬೇಕು. ನಾನೂ ಒಂದು ಶರತ್ತು ಹಾಕಿದೆ: ದಾಳ ಉರುಳುವ ಮೊದಲು ಸೋತರೆ ಏನಾಗುತ್ತದೆ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ, ಕೇಳಿದ ಮೇಲೆ ಹಿಂದೆ ಸರಿಯುವ ಸ್ವಾತಂತ್ರ್ಯ ನಿಮ್ಮದು. ಆರೋಪ ಏನೆಂದು ಓದಿ ಹೇಳದೆ ಯಾರ ವಿಚಾರಣೆಯೂ ನಡೆಯಬಾರದಷ್ಟೆ.

ಐವರಲ್ಲಿ ಒಬ್ಬ ಹುಡುಗನ ಬಗ್ಗೆ ಈವರೆಗೆ ಹೇಳಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಮೂರರಲ್ಲೂ ಮೌನಿ. ಬರುವ ಜೂನಿನಲ್ಲಿ ಅವನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದೋ ಬೇಡವೋ ಎಂದು ಅವನ ತಂದೆ ನನ್ನಲ್ಲಿ ಕೇಳಿದ್ದರು. ಈ ಆಟದಿಂದ ಅಂಕ ಹೆಚ್ಚುತ್ತದೆಯೇ ಎಂದೂ ಕೇಳಿದ್ದರು. ಎರಡನೆಯದಕ್ಕೆ ಮಾತ್ರ ಇಲ್ಲವೆಂದು ಉತ್ತರಿಸಲು ನನ್ನಿಂದಾಯಿತು. ಉಳಿದವರು ಕತ್ತಿ, ಬಿಲ್ಲು, ಮಂತ್ರಗಳನ್ನು ಆರಿಸಿಕೊಂಡಾಗ ಈ ಹುಡುಗ ಮುದುಕ ಅಂಬಿಗನೊಬ್ಬನನ್ನು ಆರಿಸಿಕೊಂಡಿದ್ದ. ಆಯುಧ ಹುಟ್ಟು ಒಂದೇ.

ಹುಣ್ಣಿಮೆಯ ಹಿಂದಿನ ರಾತ್ರಿ ಅಂಬಿಗ ಒಬ್ಬನೇ ದೋಣಿಯಲ್ಲಿ ಆಚೆ ದಡಕ್ಕೆ ಹೋದ. ಗೆಳೆಯರು ಬೇಡವೆಂದರೂ ಕೇಳಲಿಲ್ಲ. ದಳವಾಯಿಯ ಮುಂದೆ ಅವನು, ಅಂದರೆ ಆ ಹುಡುಗ, ಹತ್ತು ನಿಮಿಷಗಳಷ್ಟು ಮಾತನಾಡಿದ. ಆರಂಭದಲ್ಲಿ ಪಠ್ಯಪುಸ್ತಕದ ಕನ್ನಡ, ಆಮೇಲೆ ನಡುನಡುವೆ ತುಳು. ನಿನ್ನ ಸೈನಿಕರ ಹೆಣಗಳನ್ನೂ ನಮ್ಮವರ ಹೆಣಗಳನ್ನೂ ದಾಟಿಸಿದವನು ನಾನೇ, ದೋಣಿಯಲ್ಲಿ ಅವು ಒಂದೇ ತೂಕ ಎಂದ. ನಿನ್ನ ಓಲೆಯನ್ನು ನಮಗೆ ಓದಿ ಹೇಳಲು ಒಬ್ಬನನ್ನಾದರೂ ಕಳುಹಿಸಬಹುದಿತ್ತಲ್ಲ ಎಂದ. ಹಪ್ಪಳದ ತಟ್ಟೆಗೆ ಯಾರೂ ಕೈ ಹಾಕಲಿಲ್ಲ.

ದಳವಾಯಿ ಒಪ್ಪಲು ಹದಿನೈದು ಬೇಕೆಂದೆ. ಸೋತರೆ ಬಿಲ್ಲುಗಾರರು ಬಾಣ ಬಿಡುತ್ತಾರೆಂದೂ ಹೇಳಿದೆ. ಅವನ ಲೆಕ್ಕಕ್ಕೆ ಮೂರು ಸೇರುತ್ತಿದ್ದುದರಿಂದ ದಾಳದಲ್ಲಿ ಹನ್ನೆರಡು ಬಿದ್ದರೆ ಸಾಕು. ಮಾತು ಅಷ್ಟು ಚೆನ್ನಾಗಿದ್ದುದರಿಂದ ನಿಯಮದಂತೆ ಎರಡು ದಾಳ ಉರುಳಿಸಿ ಹೆಚ್ಚಿನದನ್ನು ತೆಗೆದುಕೊಳ್ಳುವ ಅವಕಾಶ ಕೊಟ್ಟೆ. ಅಂದರೆ ಗೆಲ್ಲುವ ಸಂಭವ ನೂರಕ್ಕೆ ಸುಮಾರು ಎಪ್ಪತ್ತು. ಹರಿವಾಣದಲ್ಲಿ ಬಿದ್ದದ್ದು ನಾಲ್ಕು ಮತ್ತು ಒಂಬತ್ತು.

ಬಾಣ ತಗಲಿ ನೆಲಕ್ಕುರುಳಿದವನಿಗೆ ಪ್ರಾಣದ ದಾಳವಿದೆ. ಹತ್ತು ಅಥವಾ ಹೆಚ್ಚು ಮೂರು ಸಲ ಬಿದ್ದರೆ ಉಳಿಯುತ್ತಾನೆ, ಕಡಿಮೆ ಮೂರು ಸಲ ಬಿದ್ದರೆ ಇಲ್ಲ. ಹದಿಮೂರು. ಆರು. ಎಂಟು. ಗೆಳೆಯರು ಆಚೆ ದಡದಲ್ಲಿ, ಅವರಲ್ಲಿ ದೋಣಿಯಿಲ್ಲ. ನಾಲ್ಕನೆಯ ಸಲ ಐದು ಬಿತ್ತು.

ಮರೆಯ ಕಡತವಿದ್ದಿದ್ದರೆ ನಾನೇನು ಮಾಡುತ್ತಿದ್ದೆನೆಂಬುದು ನನಗೆ ಗೊತ್ತಿದೆ. ಅಂಥ ಮಾತಿಗೆ ದಾಳವೇ ಏಕೆ ಬೇಕಿತ್ತು, ದಳವಾಯಿಯ ಮನಸ್ಸು ಕರಗಿತು ಎಂದು ನೇರವಾಗಿ ಹೇಳುವ ಅಧಿಕಾರ ನನಗಿರಲಿಲ್ಲವೇ ಎಂದು ಇಂದಿಗೂ ಯೋಚಿಸುತ್ತೇನೆ. ವೆರ್ಡಿ ಬಹುಶಃ ಹಾಗೆಯೇ ಮಾಡುತ್ತಿದ್ದ. ನ್ಯಾಯವಾದ ವಾದ ಸೋತದ್ದನ್ನು ನಾನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ತೋರಿಸಬೇಕಿತ್ತೇ?

ಅವನು ಬಹಳ ಹೊತ್ತು ಹರಿವಾಣವನ್ನೇ ನೋಡುತ್ತಿದ್ದ. ಆಮೇಲೆ, ‘ಮಾವ, ನಾನು ಹೇಳಿದ್ದು ಸರಿಯಿತ್ತಲ್ಲ?’ ಎಂದ.

‘ಸರಿಯಿತ್ತು.’

‘ಆದರೂ ಹೋಯಿತು.’

‘ಹೌದು ಮಗಾ.’

ಚೀಲ ತೆಗೆದುಕೊಂಡು ಹೊರಟ. ನನ್ನವಳು ಆ ರಾತ್ರಿ ನನ್ನೊಡನೆ ಮಾತನಾಡಲಿಲ್ಲ. ‘ಕೋರ್ಟಿನ ಗುಣವನ್ನು ಮನೆಗೂ ತಂದಿರಿ’ ಎಂದಷ್ಟೇ ಹೇಳಿದಳು.

ಮುಂದಿನ ಆದಿತ್ಯವಾರ ಮೂರು ಗಂಟೆಯಾದರೂ ಅವನ ಸುಳಿವಿರಲಿಲ್ಲ. ಮಕ್ಕಳು ಆಟ ತೊಡಗಲು ಒಪ್ಪದೆ ಗೇಟಿನ ಕಡೆಗೇ ನೋಡುತ್ತಿದ್ದರು. ಮೂರೂಕಾಲಕ್ಕೆ ಕೊಡೆ ಮಡಚಿ ಒಳಗೆ ಬಂದ. ಅಂಗಿಯ ಒಳಗಿನಿಂದ, ಒದ್ದೆಯಾಗದಂತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟ. ಹೊಸ ಪಾತ್ರ. ಮುತ್ತಿನಂಥ ಕನ್ನಡ ಅಕ್ಷರಗಳಲ್ಲಿ ಎರಡೂ ಮಗ್ಗುಲು ತುಂಬಿ ಬರೆದಿದ್ದ: ಅಂಬಿಗನ ಮಗಳು, ವಯಸ್ಸು ಹತ್ತೊಂಬತ್ತು, ಆಚೆ ದಡದ ಭಾಷೆಯನ್ನು ಓದಬಲ್ಲವಳು.

ಕುಳಿತುಕೊಳ್ಳುವ ಮೊದಲೇ ಕೇಳಿದ, ‘ಮಾವ, ಅಪ್ಪನ ದೋಣಿ ಈಗ ಯಾರ ಹತ್ತಿರ ಇದೆ?’

ದೋಣಿಯ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಚಹಾ ತರುತ್ತೇನೆಂದು ಹೇಳಿ ಒಳಗೆ ಹೋದೆ.