ಚರ್ಮದ ಬಿರುಸು

ನಂದಿಕೂರಿನ ಗದ್ದೆಗಳಲ್ಲಿ ಹಾರೆ ಹಿಡಿದು ದುಡಿಯುವವನ ಅಂಗೈ ಜಡ್ಡುಗಟ್ಟಿದರೆ ಯಾರೂ ಆಶ್ಚರ್ಯಪಡರು. ಕೆಲಸ ಬಿಟ್ಟರೆ ಅದು ಕ್ರಮೇಣ ಮೃದುವಾಗುವುದು. ಆದರೆ ಹಾರೆಯನ್ನೇ ಮುಟ್ಟದ ಕೂಸಿನ ಅಂಗೈ ಅಂಗಾಲುಗಳು ತಾವಾಗಿಯೇ ದಪ್ಪವಾದರೆ, ಮೈ ಹುರುಪೆಗಟ್ಟಿದರೆ, ತುಳುನಾಡಿನ ಮನೆಗಳಲ್ಲಿ ಮೊದಲು ಏಳುವ ಮಾತು ನಾಗದೋಷದ್ದು; ಅನಂತರ ಕುಷ್ಠದ ಶಂಕೆ. ಕೊನೆಗೆ ಅಪವಾದವೆಲ್ಲ ತಾಯಿಯ ತಲೆಗೆ ಬರುವುದು.

ಪ್ರಾಚೀನರು ಇದಕ್ಕಿಂತ ವಿವೇಕದಿಂದ ನೋಡಿದ್ದರು. ಆನೆಯ ತೊಗಲಿನಂತೆ ದಪ್ಪವಾದುದನ್ನು ಚರಕಸಂಹಿತೆಯು ‘ಚರ್ಮಾಖ್ಯ’ವೆಂದೂ, ಬೆವರದೆ ಮೀನಿನ ಹುರುಪೆಯನ್ನು ಹೋಲುವುದನ್ನು ‘ಏಕಕುಷ್ಠ’ವೆಂದೂ ಕರೆಯಿತು. (ಅಲ್ಲಿ ಕುಷ್ಠಶಬ್ದಕ್ಕೆ ಇಂದಿನ ಸಂಕುಚಿತಾರ್ಥವಿಲ್ಲ.) ಶುಕ್ರಶೋಣಿತಗಳ ದೋಷದಿಂದ ಬರುವ ವ್ಯಾಧಿಗಳನ್ನು ಸುಶ್ರುತನು ‘ಆದಿಬಲಪ್ರವೃತ್ತ’ವೆಂಬ ಪ್ರತ್ಯೇಕ ವರ್ಗದಲ್ಲಿರಿಸಿದನು.

ಆ ದೋಷದ ನೆಲೆಯನ್ನು ಈಚಿನ ಶೋಧಕರು ಕಂಡರು. ಹೊರಚರ್ಮದ ಜೀವಕಣಗಳೊಳಗೆ ಕೆರಾಟಿನ್ ಎಂಬ ಎಳೆಗಳಿವೆ. ಗ್ರೀಕರ ಭಾಷೆಯಲ್ಲಿ ‘ಕೆರಾಸ್’ ಎಂದರೆ ಕೊಂಬು. ಇವು ಎರಡು ಬಗೆಯವು. ಒಂದರೊಡನೊಂದು ಹೊಸೆದುಕೊಂಡು ಕಣಕ್ಕೆ ಕಂಬತೊಲೆಗಳಾಗುವುವು. ಅಂಗೈ ಅಂಗಾಲುಗಳಿಗೇ ವಿಶೇಷವಾದುದು 9ನೆಯ ಕೆರಾಟಿನ್. ಅವು ಬಿರುಸಾಗುವ ಒಂದು ವಂಶಪಾರಂಪರ್ಯ ರೋಗವನ್ನು ಜರ್ಮನಿಯ ಫೋರ್ನರನು 1901ರಲ್ಲಿ ವರ್ಣಿಸಿದ್ದನು. ಈ ಕೆರಾಟಿನ್ನಿನ ವಂಶವಾಹಿಯ ದೋಷವೇ ಅದಕ್ಕೆ ಕಾರಣವೆಂದು 1994ರಲ್ಲಿ ತಿಳಿಯಿತು. 1 ಅಥವಾ 10ನೆಯ ಕೆರಾಟಿನ್ ಕೆಟ್ಟರೆ ಮೈಯೆಲ್ಲ ಬಾಧೆಗೊಳಗಾಗಬಹುದು.

ತಂದೆತಾಯಿಗಳಲ್ಲಿ ಒಬ್ಬರಿಂದ ಬಂದ ವಂಶವಾಹಿ ನೆಟ್ಟಗಿದ್ದರೂ ಸಾಲದು. ಒಳ್ಳೆಯ ತೆಂಗಿನ ನಾರಿನೊಡನೆ ಕೊಳೆತ ನಾರನ್ನು ಹೊಸೆದರೆ ಹಗ್ಗವೇ ಕೆಡುವುದಷ್ಟೆ. ಇಂತಹ ಎಳೆಗಳುಳ್ಳ ಕಣಗಳು ತುಸು ಉಜ್ಜಿದರೂ ಒಡೆಯುವುವು. ಮೈಯೆಲ್ಲ ಹರಡುವ ಬಗೆಯಲ್ಲಿ ಹಸುಗೂಸಿಗೆ ನೀರುಗುಳ್ಳೆಗಳೇಳುವುವು, ಮೈಯ ತೇವ ಹೊರಹೋಗುವುದು. ಆಗ ಚರ್ಮವು ಒಡೆದ ಕೋಟೆಯನ್ನು ಮುಚ್ಚುವ ಅವಸರದಲ್ಲಿ ಅಡಿಯಿಂದ ಹೊಸ ಕಣಗಳನ್ನು ಹುಟ್ಟಿಸುತ್ತ, ಮೇಲೆ ಸತ್ತ ಪದರಗಳನ್ನು ಪೇರಿಸುವುದು. ನೋಡಲು ಗಂಡೆಯಂತಿರುವ ಆ ಚರ್ಮ ವಾಸ್ತವವಾಗಿ ಅತಿ ದುರ್ಬಲ. ಅದನ್ನು ನಾರಿನಿಂದ ತಿಕ್ಕಿ ತೆಗೆಯಹೊರಟ ಅಜ್ಜಿಯರ ಅಕ್ಕರೆ ಮಗುವಿಗೆ ಹಿಂಸೆಯೇ ಸರಿ. ನೀರಿನಲ್ಲಿ ನೆನೆಸಿ ಸ್ನಿಗ್ಧಲೇಪ ಹಚ್ಚುವುದು ಲೇಸು.

ಮೈಯೆಲ್ಲ ಹರಡುವ ಬಗೆಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ತಂದೆತಾಯಿಗಳಿಬ್ಬರೂ ನಿರೋಗಿಗಳು. ಲೋಪವು ಆ ಮಗುವಿನಲ್ಲಿಯೇ ಹೊಸದಾಗಿ ಹುಟ್ಟಿದುದು. ಹೀಗಿರಲು ತಾಯಿಯನ್ನು ದೂರುವುದೆಂತು? ರೋಗವುಳ್ಳವನ ಪ್ರತಿಯೊಂದು ಸಂತಾನಕ್ಕೂ ಅದು ಬರುವ ಸಂಭವ ಅರ್ಧ, ಬಾರದಿರುವ ಸಂಭವವೂ ಅರ್ಧ. ಮುಟ್ಟಿದರೆ ಅಂಟುವುದಿಲ್ಲ. ಆಶ್ಲೇಷಾಬಲಿ ಮಾಡಿಸುವವರು ಮಾಡಿಸಲಿ. 1953ರಲ್ಲಿ ಸ್ಥಾಪಿತವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿರುವ ಮಣಿಪಾಲವೂ ನಂದಿಕೂರಿಗೆ ದೂರವಲ್ಲ. ಚರ್ಮವೈದ್ಯರ ಬಳಿಗೆ ಕೂಸನ್ನು ಒಯ್ಯುವ ದಿನ, ತಾಯಿಯೊಡನೆ ಮನೆಯ ಹಿರಿಯರೂ ಹೋಗಿ ಅವರ ಮಾತನ್ನು ಕಿವಿಯಾರೆ ಕೇಳಿ ಬರುವುದು ಅವಶ್ಯ.